ತನ್ನದಲ್ಲದ ಮಾತು

"ಆಯುಧಪೂಜೆಗೆ ಗಾಡಿ ನಿಮ್ಮ ಮನೆ ಮುಂದೆ ಇರುತ್ತೆ ಸರ್. ಅದು ನನ್ನ ಜವಾಬ್ದಾರಿ."

ಬೆಂಗಳೂರಿನ ಶೋರೂಮೊಂದರಲ್ಲಿ ಜುಲೈ ತಿಂಗಳ ಒಂದು ಸಂಜೆ ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬ ನನಗೆ ಹೀಗೆ ಮಾತು ಕೊಟ್ಟ. ಮಾಡೆಲ್ ಆಗಷ್ಟೇ ಬಂದಿತ್ತು. ಅಲ್ಲಿದ್ದದ್ದು ಒಂದೇ ಕಾರು, ಅದೂ ನೋಡುವುದಕ್ಕೆ ಇಟ್ಟದ್ದು. ನಾನು ಅಡ್ವಾನ್ಸ್ ಕಟ್ಟಿ ಅವನು ಬೆರಳಿಟ್ಟಲ್ಲೆಲ್ಲ ಸಹಿ ಹಾಕಿದೆ. ಡೆಲಿವರಿ ದಿನಾಂಕ ಅಂದಾಜು ಮಾತ್ರ, ಬೆಲೆ ಡೆಲಿವರಿ ದಿನ ಇದ್ದಷ್ಟು ಎಂದು ಅದೇ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಅವನ ಬೆರಳು ಅಲ್ಲಿಗೆ ಹೋಗಲಿಲ್ಲ, ನನ್ನ ಕಣ್ಣೂ ಹೋಗಲಿಲ್ಲ. ರಾತ್ರಿ ಶಿವಮೊಗ್ಗಕ್ಕೆ ಫೋನ್ ಮಾಡಿ, "ಅಪ್ಪ, ಹಬ್ಬಕ್ಕೆ ಕಾರಲ್ಲೇ ಬರ್ತೀನಿ" ಅಂದೆ. ನಿವೃತ್ತ ಮೇಷ್ಟ್ರಾದ ಅಪ್ಪ ಮರುವಾರವೇ ಮನೆ ಪಕ್ಕದ ಸೌದೆ ಕೊಟ್ಟಿಗೆ ಖಾಲಿ ಮಾಡಿಸಿ ನೆಲಕ್ಕೆ ಕಲ್ಲು ಹಾಸಿಸಿದರು.

ಮುಂದಿನದನ್ನು ಹೊಸ ಕಾರು ಬುಕ್ ಮಾಡಿದ ಯಾರೂ ಊಹಿಸಬಲ್ಲರು. ಮೊದಲು "ಗಾಡಿ ಅಲಾಟ್ ಆಗಿದೆ ಸರ್". ಆಮೇಲೆ "ಲಾರಿ ಹತ್ತಿದೆ ಸರ್". ಆಮೇಲೆ ನಾವು ಕೇಳಿದ ಬಣ್ಣ ಈ ತಿಂಗಳು ಬರುವುದಿಲ್ಲ, ಬಿಳಿಯದಾದರೆ ನಾಳೆಯೇ ಇದೆ. ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸಿದರೆ ಬೇಗ ಆಗುತ್ತೆ. (ವಿಮೆ ಯಾರ ಬಳಿ ಮಾಡಿಸಬೇಕೆಂಬುದು ಕೊಳ್ಳುವವನಿಗೆ ಬಿಟ್ಟದ್ದೆಂದು ನನಗೆ ತಿಳಿದದ್ದು ತಡವಾಗಿ.) ಕೊನೆಗೆ ಫೋನ್ ಎತ್ತುವುದೇ ನಿಂತಿತು. ಆಯುಧಪೂಜೆಯ ದಿನ ಅಪ್ಪ ಹಳೆಯ ಸ್ಕೂಟರಿಗೇ ಅರಿಶಿನ ಕುಂಕುಮ ಹಚ್ಚಿ ಬೂದುಗುಂಬಳ ಒಡೆದರು.

ಆ ಹುಡುಗ ಸುಳ್ಳು ಹೇಳಿದನೇ? ಪ್ರಶ್ನೆ ಕಾಣುವಷ್ಟು ಸುಲಭವಲ್ಲ. 1785ರ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಇಮ್ಯಾನುಯೆಲ್ ಕಾಂಟ್, ತೀರಿಸಲಾಗದೆಂದು ಗೊತ್ತಿದ್ದೂ ತೀರಿಸುತ್ತೇನೆಂದು ಸಾಲ ಪಡೆಯುವವನ ಉದಾಹರಣೆ ಕೊಡುತ್ತಾನೆ. ಎಲ್ಲರೂ ಹಾಗೆ ಮಾಡಿದರೆ ಮಾತು ಕೊಡುವುದಕ್ಕೇ ಅರ್ಥವಿರುವುದಿಲ್ಲ ಎಂಬುದು ಅವನ ವಾದ. ಆದರೆ ನಮ್ಮ ಹುಡುಗನಿಗೆ ಕಾರು ಬರುವುದಿಲ್ಲವೆಂದು ಗೊತ್ತಿರಲಿಲ್ಲ, ಬರುತ್ತದೆಂದೂ ಗೊತ್ತಿರಲಿಲ್ಲ. ಅಮೆರಿಕದ ಹ್ಯಾರಿ ಫ್ರಾಂಕ್‌ಫರ್ಟ್ 1986ರಲ್ಲಿ ಬರೆದ ಪ್ರಬಂಧ ಇಲ್ಲಿ ಹೆಚ್ಚು ಹೊಂದುತ್ತದೆ. ಸುಳ್ಳುಗಾರನಿಗೆ ನಿಜದ ಮೇಲೆ ಒಂದು ಕಣ್ಣಾದರೂ ಇರುತ್ತದೆ, ಅದನ್ನು ಮುಚ್ಚಿಡಬೇಕಲ್ಲ! ಬಾಯಿಗೆ ಬಂದದ್ದನ್ನು ಆಡುವವನಿಗೆ ತನ್ನ ಮಾತು ನಿಜವೋ ಅಲ್ಲವೋ ಎಂಬುದರ ಗೊಡವೆಯೇ ಇಲ್ಲ. ನಿಜಕ್ಕೆ ಹೆಚ್ಚಿನ ಶತ್ರು ಇವನೇ ಎನ್ನುತ್ತಾನೆ ಫ್ರಾಂಕ್‌ಫರ್ಟ್.

ನನಗೆ ಮಾತ್ರ ನೆನಪಾದವಳು ಪುಣ್ಯಕೋಟಿ. ಕೊಟ್ಟ ಮಾತಿಗೆ ತಪ್ಪದವಳೆಂದು ಅವಳನ್ನು ಹೊಗಳುತ್ತೇವೆ. ಅವಳು ಕೊಟ್ಟ ಮಾತಾದರೂ ಎಂಥದು? ಕರುವಿಗೆ ಹಾಲುಣಿಸಿ ಮರಳಿ ಬರುತ್ತೇನೆ ಎಂದಳು. ನಡೆಯುವ ಕಾಲು ಅವಳದೇ, ಮರಳುವ ಮನಸ್ಸೂ ಅವಳದೇ. ತನ್ನ ಕೈಮೀರಿದ ಯಾವುದನ್ನೂ ಅವಳು ಹುಲಿಗೆ ಒಪ್ಪಿಸಲಿಲ್ಲ. ಮಾತು ಉಳಿಸಿಕೊಳ್ಳುವುದು ದೊಡ್ಡದು ನಿಜ. ಅದಕ್ಕೂ ಮೊದಲಿನ ನೀತಿಯೊಂದಿದೆ: ತನ್ನದಾದ ಮಾತನ್ನಷ್ಟೇ ಕೊಡುವುದು.

ಆ ಹುಡುಗ ಕೊಟ್ಟದ್ದು ತನ್ನದಲ್ಲದ ಮಾತು. ಯಾವ ಬಣ್ಣದ ಕಾರು ಎಷ್ಟು ತಯಾರಾಗಬೇಕು, ಯಾವ ಡೀಲರಿಗೆ ಎಷ್ಟು ಹೋಗಬೇಕು ಎಂಬುದು ಕಂಪನಿಯಲ್ಲಿ ತೀರ್ಮಾನವಾಗುತ್ತದೆ. 2021ರಲ್ಲಿ ಬೆರಳುಗುರಿನಷ್ಟು ಚಿಪ್ ಸಿಗದೆ ಜಗತ್ತಿನ ದೊಡ್ಡ ದೊಡ್ಡ ಕಾರ್ಖಾನೆಗಳೇ ಕೆಲಸ ನಿಲ್ಲಿಸಿದ್ದವು. ಈ ಸರಪಳಿಯ ತುದಿಯಲ್ಲಿ ನಿಂತ ಹುಡುಗನ ಕೈಯಲ್ಲಿ ಕಾರಿಲ್ಲ, ಇರುವುದು ನಾಲಿಗೆ ಮತ್ತು ತಿಂಗಳ ಟಾರ್ಗೆಟ್. "ಗೊತ್ತಿಲ್ಲ" ಅಂದರೆ ಗಿರಾಕಿ ಎದ್ದು ಹೋಗುತ್ತಾನೆ.

ಹೋಗುತ್ತಾನೆಂದು ನನಗೆ ಹೇಗೆ ಗೊತ್ತು? ಎದ್ದು ಹೋದವನು ನಾನೇ. ಅದಕ್ಕೆ ಹಿಂದಿನ ದಿನ ಇನ್ನೊಂದು ಶೋರೂಮಿಗೆ ಹೋಗಿದ್ದೆ. ಅಲ್ಲಿದ್ದ ನಡುವಯಸ್ಸಿನವರು, "ಹೇಳಕ್ಕಾಗಲ್ಲ ಸರ್. ಮೂರು ತಿಂಗಳಿಗೂ ಬರಬಹುದು, ಆರೂ ಆಗಬಹುದು" ಅಂದರು. ಇವರಿಗೆ ವ್ಯಾಪಾರದಲ್ಲಿ ಆಸಕ್ತಿಯಿಲ್ಲ ಅಂದುಕೊಂಡು ಹೊರಬಂದೆ. ನಿಜ ಹೇಳಿದವರಿಗೆ ಒಂದು ಬುಕಿಂಗ್ ತಪ್ಪಿಸಿ, ಇಲ್ಲದ್ದನ್ನು ಹೇಳಿದವನಿಗೆ ಅಡ್ವಾನ್ಸ್ ಕೊಟ್ಟೆ.

ಹಬ್ಬ ಕಳೆದ ಮೇಲೆ ಇನ್ನೊಂದಾಯಿತು. ಅಪ್ಪ ಎರಡು ದಿನಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಿದ್ದರು, "ಕಾರು ಎಲ್ಲಿಗೆ ಬಂತೋ?" "ಮುಂದಿನ ವಾರ ಬರುತ್ತಂತೆ ಅಪ್ಪ" ಅನ್ನುತ್ತಿದ್ದೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ, ಹುಡುಗ ಫೋನೇ ಎತ್ತುತ್ತಿರಲಿಲ್ಲ. ಅವರ ದನಿ ಇಳಿಯುವುದನ್ನು ಕೇಳಲಾರದೆ ನಾನೇ ಹುಟ್ಟಿಸಿದ ಮಾತದು. ಮೂರನೇ ಸಲವೋ ನಾಲ್ಕನೇ ಸಲವೋ ಅಪ್ಪ ಅಂದರು: "ನಮ್ ಕಾಲದಲ್ಲಿ ಸ್ಕೂಟರಿಗೆ ವರ್ಷಗಟ್ಟಲೆ ಕಾದಿದೀವಿ. ಆದ್ರೆ ಆಗ ಯಾರೂ ಮುಂದಿನ ವಾರ ಅಂತ ಹೇಳ್ತಿರಲಿಲ್ಲ."

ಕಾಯುವುದರಿಂದ ಅವರಿಗೆ ನೋವಾಗಿರಲಿಲ್ಲ. ವಾರವಾರವೂ ಕಸ ಗುಡಿಸಿಟ್ಟ ಆ ಕೊಟ್ಟಿಗೆಯ ಮುಂದೆ ನಿಲ್ಲಿಸಿದ್ದು ನನ್ನ ಮಾತು.

ಹಾಗಾದರೆ ಹುಡುಗ ನಿರ್ದೋಷಿಯೇ? ಅಲ್ಲ. ಅವನ ಮಾತಿನಿಂದ ನನ್ನ ದುಡ್ಡು ಕೈಬಿಟ್ಟಿತು. ಕನಿಕರದಿಂದ ತಪ್ಪು ಅಳಿಸಿಹೋಗುವುದಿಲ್ಲ. ಆದರೆ ಅವನಿಗಿಂತ ದೊಡ್ಡ ಪಾಲು ಅವನನ್ನು ಅಲ್ಲಿ ಕೂರಿಸಿದವರದು. ಕಾಗದದ ಮೇಲೆ "ಅಂದಾಜು" ಎಂದು ಅಚ್ಚು ಹಾಕಿ ತಾವು ಪಾರಾಗುತ್ತಾರೆ, "ಗ್ಯಾರಂಟಿ" ಎಂದು ಹೇಳುವ ಕೆಲಸವನ್ನು ಸಂಬಳದ ಹುಡುಗನ ಬಾಯಿಗೆ ಬಿಡುತ್ತಾರೆ. ನಿಜ ಅವರ ಪಾಲಿಗೆ, ಸುಳ್ಳು ಅವನ ಪಾಲಿಗೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಾಯಿಮಾತಿನ ಸುಳ್ಳು ಹೇಳಿಕೆಯೂ ಅನುಚಿತ ವ್ಯಾಪಾರ ಪದ್ಧತಿಯೇ, ಆದರೆ ಆಡಿದ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು? ಅದಕ್ಕೇ ಈಗ ಯಾರಾದರೂ ಕಾರು ಬುಕ್ ಮಾಡುತ್ತೇನೆಂದರೆ ಒಂದು ಮಾತು ಹೇಳುತ್ತೇನೆ. ಅವರು ಹೇಳುವ ದಿನಾಂಕವನ್ನು, ಬಣ್ಣವನ್ನು, ತಡವಾದರೆ ಅಡ್ವಾನ್ಸ್ ಪೂರ್ತಿ ವಾಪಸ್ಸು ಎಂಬುದನ್ನು ಬುಕಿಂಗ್ ಹಾಳೆಯಲ್ಲೇ ಬರೆಸಿ. ಇದು ಅಪನಂಬಿಕೆಯಲ್ಲ. ಪೆನ್ನು ಕೈಗೆ ಬಂದಾಗ ತನಗೆ ಗೊತ್ತಿರುವುದೆಷ್ಟು, ಇಲ್ಲದ್ದೆಷ್ಟು ಎಂದು ಎದುರಿನ ಹುಡುಗನೂ ಯೋಚಿಸುತ್ತಾನೆ. "ಗೊತ್ತಿಲ್ಲ ಸರ್" ಅಂದರೆ ಎದ್ದು ಹೋಗಬೇಡಿ.

ಕಾರು ಕೊನೆಗೆ ಡಿಸೆಂಬರಿನಲ್ಲಿ ಬಂತು. ಆ ಹೊತ್ತಿಗೆ ಹುಡುಗ ಕೆಲಸ ಬಿಟ್ಟಿದ್ದ. ಅದಕ್ಕೂ ಮುಂಚೆ ನವೆಂಬರಿನ ಒಂದು ರಾತ್ರಿ ಅಪ್ಪ ಮತ್ತೆ ಕೇಳಿದ್ದರು.

"ಗೊತ್ತಿಲ್ಲ ಅಪ್ಪ. ಬಂದ ದಿನ ಹೇಳ್ತೀನಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಹಾಗೆ ಹೇಳು ಮತ್ತೆ" ಅಂದರು ಅಪ್ಪ. ಆಮೇಲೆ ಕೊಟ್ಟಿಗೆಗೆ ಸದ್ಯಕ್ಕೆ ಸೌದೆ ವಾಪಸ್ ಹಾಕಿಸಲೇ ಎಂದು ಕೇಳಿದರು.