ಎರಡು ವೃತ್ತ, ಒಂದು ಮಾವಿನೆಲೆ

‘ನಂಗೆ ಚಿತ್ರ ಬರೆಯೋಕೆ ಬರಲ್ಲ’ ಎನ್ನುವವರನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದ ಮುಂದೆ ಕೂರಿಸಿ, ಯುಗಾದಿ ಕಾರ್ಡಿಗೆ ಒಂದು ಮಾವಿನೆಲೆ ಬರೆಯಿರಿ ಎಂದರೆ ಮೊದಲು ಹುಡುಕುವುದು ಪೆನ್ಸಿಲ್ ಗುರುತನ್ನು. ಮೌಸ್ ಹಿಡಿದು ಎಳೆಯುತ್ತಾರೆ, ಎಲೆಯ ಅಂಚು ನಡುಗುತ್ತದೆ, ಹತ್ತಾರು ಬಿಂದುಗಳು ಇರುವೆ ಮುತ್ತಿದಂತೆ ಮುತ್ತಿಕೊಳ್ಳುತ್ತವೆ. ಇದು ನಮ್ಮಂಥವರಿಗಲ್ಲ ಎಂದು ಹೊಸಬರು ಎದ್ದು ಹೋಗುವುದು ಬಹುತೇಕ ಇಲ್ಲೇ.

ಪೆನ್ಸಿಲ್ ಬಿಡಿ. ಕಂಟ್ರೋಲ್ ಕೀಲಿ ಒತ್ತಿಕೊಂಡು ಒಂದು ವೃತ್ತ ಎಳೆಯಿರಿ. ಅದರದೇ ನಕಲು ತೆಗೆದು, ಅರ್ಧ ಮುಚ್ಚುವಂತೆ ಬಲಕ್ಕೆ ಸರಿಸಿ. ಎರಡನ್ನೂ ಆಯ್ದು, ಪಾತ್ ಮೆನುವಿನಲ್ಲಿ ಇಂಟರ್‌ಸೆಕ್ಷನ್ ಒತ್ತಿದರೆ ಎರಡಕ್ಕೂ ಸೇರಿದ ಭಾಗವಷ್ಟೇ ಉಳಿಯುತ್ತದೆ. ಎಲೆ ಸಿದ್ಧ! ಅದಕ್ಕೆ ಬೇಕಾದದ್ದು ನಾಲ್ಕೇ ಬಿಂದು: ತುದಿಗೆರಡು, ಹೊಟ್ಟೆಗೆರಡು. ಬೇಡವೆನಿಸಿದರೆ ಅನ್‌ಡು ಮಾಡಿ ಡಿಫರೆನ್ಸ್ ಒತ್ತಿ. ಮೇಲಿನ ವೃತ್ತ ಕೆಳಗಿನದನ್ನು ಕತ್ತರಿಸಿಕೊಂಡು ಮಾಯವಾಗುತ್ತದೆ. ಉಳಿದದ್ದನ್ನು ಅಂಗಾತ ಮಲಗಿಸಿದರೆ ಹಬ್ಬದ ಮರುದಿನ ಪಡುವಣದಲ್ಲಿ ಹುಡುಕುವ ಬಿದಿಗೆ ಚಂದ್ರ. ವೃತ್ತಗಳು ಒಂದನ್ನೊಂದು ಮುಚ್ಚಿದಷ್ಟೂ ಎಲೆ ದಪ್ಪ, ಚಂದ್ರ ತೆಳು.

ಶಾಲೆಯ ವೆನ್ ಚಿತ್ರಗಳಲ್ಲಿ ಸಂಯೋಗ, ಛೇದನ ಎಂದು ಬಣ್ಣ ತುಂಬಿದ್ದು ಇದನ್ನೇ. ಆಗ ಯಾರೂ ಅದರಿಂದ ತೋರಣ ಕಟ್ಟಬಹುದು ಅನ್ನಲಿಲ್ಲ. ಈ ಕ್ರಿಯೆಗಳಿಗೆ ಬೂಲಿಯನ್ ಎಂಬ ಹೆಸರು ಬಂದದ್ದು ಜಾರ್ಜ್ ಬೂಲ್‌ನಿಂದ. ತರ್ಕವನ್ನು ಬೀಜಗಣಿತಕ್ಕೆ ಇಳಿಸಿದ ಅವನ ದೊಡ್ಡ ಪುಸ್ತಕ ಬಂದದ್ದು 1854ರಲ್ಲಿ. ನಮ್ಮ ಡಿಟಿಪಿ ಅಂಗಡಿಗಳಿಗೆ ಬೂಲ್ ಗೊತ್ತಿಲ್ಲ; ಅದೇ ಕೆಲಸಕ್ಕೆ ಕೋರೆಲ್‌ಡ್ರಾ ಕಲಿಸಿದ ವೆಲ್ಡ್, ಟ್ರಿಮ್ ಗೊತ್ತು. ಮದುವೆ ಪತ್ರಿಕೆಯ ಮೇಲಿನ ಕಳಶ, ಬಾಳೆಕಂಬಗಳೆಲ್ಲ ಅವುಗಳ ಕೂಸುಗಳು.

ಇನ್ನು ಎಲೆಯ ಅಂಚಿನ ಬಾಗಿದ ಗೆರೆ. ಅದರ ಲೆಕ್ಕ ಹುಟ್ಟಿದ್ದು ಫ್ರಾನ್ಸಿನ ಕಾರು ಕಂಪನಿಗಳಲ್ಲಿ. ಸಿಟ್ರೋಯೆನ್‌ನ ಪಾಲ್ ಡಿ ಕಾಸ್ಟೆಲ್ಜೋ 1959ರಲ್ಲೇ ಕಂಡುಕೊಂಡಿದ್ದರೂ, ಪ್ರಕಟಿಸಿ ಪ್ರಚಾರಕ್ಕೆ ತಂದ ರೆನೋದ ಪಿಯೆರ್ ಬೆಜಿಯೇ ಹೆಸರೇ ನಿಂತಿತು. ಗೆರೆಯೆಂದರೆ ಬರೀ ಲೆಕ್ಕವಾದ್ದರಿಂದ ವಿಸಿಟಿಂಗ್ ಕಾರ್ಡಿನ ಎಲೆ ಹತ್ತಡಿ ಫ್ಲೆಕ್ಸಿಗೆ ಹೋದರೂ ಅಂಚು ಒಡೆಯುವುದಿಲ್ಲ.

ಕಲಿಯಲು ಒಳ್ಳೆಯ ಪಾಠ ಕನ್ನಡ ಅಕ್ಷರಗಳಲ್ಲೇ ಇದೆ. ಪ್ರೆಸ್ಸಿನವರು ‘ಕರ್ವ್ ಮಾಡಿ ಕಳಿಸಿ ಸಾರ್’ ಎಂದು ಅಕ್ಷರಗಳನ್ನು ಗೆರೆಗಳಾಗಿಸಲು ಹೇಳುವುದು ಅಲ್ಲಿ ಫಾಂಟ್ ಇಲ್ಲದೆ ಅವು ಕೆಡಬಾರದೆಂದು. ಹಾಗೆ ಕರ್ವ್ ಮಾಡಿದ ಒಂದು ‘ಠ’ವನ್ನು ದೊಡ್ಡದು ಮಾಡಿ ನೋಡಿ. ಹೊರಗೊಂದು ಗುಂಡು, ಅದರಿಂದ ಕಳೆದ ಒಳಗುಂಡು, ನಡುವೆ ಚುಕ್ಕಿ, ಮೇಲೆ ತಲೆಕಟ್ಟು. ಇಲ್ಲೆಲ್ಲ ಕೈಗಿಂತ ಕಣ್ಣಿಗೇ ಹೆಚ್ಚು ಕೆಲಸ. ನೋಡುವುದು ಬಂದವರು ಬಸ್ಸಿನಲ್ಲಿ ಕೂತು ಅಂಗಡಿ ಬೋರ್ಡುಗಳನ್ನೆಲ್ಲ ಬಿಚ್ಚತೊಡಗುತ್ತಾರೆ. ಅದು ಬಿಡದ ಚಟ.

ಒಂದು ಎಚ್ಚರ. ಕತ್ತರಿಸಿದ ಮೇಲೆ ಮೂಲ ವೃತ್ತಗಳು ಇರುವುದಿಲ್ಲ. ಅದಕ್ಕೇ ಪಳಗಿದವರು ಪುಟದ ಹೊರಗೆ ಒಂದು ಜೊತೆ ನಕಲು ಇಟ್ಟಿರುತ್ತಾರೆ. ಎಲ್ಲ ಮುಗಿದು ಪ್ರಿಂಟಿಗೆ ಕಳಿಸುವ ಹೊತ್ತಿಗೇ ಗಿರಾಕಿಯ ಫೋನ್ ಬರುವುದು: ‘ಚಂದ್ರ ಇನ್ನೊಂಚೂರು ತೆಳ್ಳಗೆ ಮಾಡ್ರಿ.’