ಬೆಕ್ಕಿನ ಕಣ್ಣಿನ ಕೂಸು

ನಮ್ಮ ಅಡರಕಟ್ಟಿ ಕಡೆ ತೊಟ್ಟಿಲ ಕಾರ್ಯಕ್ಕೆ ಹೋದರೆ ಕೂಸಿನ ಹೆಸರಿಗಿಂತ ಮೊದಲು ಹೋಲಿಕೆ ನಿಕ್ಕಿ ಆಗುತ್ತೆ. ಮೂಗು ಸೋದರಮಾವಂದು, ಹಣೆ ಅಜ್ಜಂದು, ಕಿವಿ ಮಾತ್ರ ಅಪ್ಪಂದೇ. ಅಪ್ಪಿತಪ್ಪಿ ಕೂಸಿನ ಕಣ್ಣು ಬೂದಿಗೋ ಹಸಿರಿಗೋ ತಿರುಗಿದ್ದರೆ ಒಬ್ಬರಲ್ಲ ಒಬ್ಬರು ಕೇಳೇ ಕೇಳ್ತಾರೆ: "ಯವ್ವಾ, ಬೆಕ್ಕಿನ ಕಣ್ಣು! ನಿಮ್ಮ ಮನ್ಯಾಗ ಯಾರಿಗೂ ಇಲ್ಲಲ್ಲ, ಇದು ಯಾರ್ಹಂಗ ಆಗೇತಿ?" ಕೇಳಿದವರು ನಗ್ತಾರೆ. ಬಾಣಂತಿ ನಗೋ ಹಾಗಿಲ್ಲ, ಸಿಟ್ಟಾಗೋ ಹಾಗೂ ಇಲ್ಲ. ಸಿಟ್ಟಾದರೆ ಅದೇ ಸಾಕ್ಷಿ.

ಬೆಂಗಳೂರಿನಲ್ಲಿ ಇದೇ ಸಂಶಯ ವಿಜ್ಞಾನದ ಅಂಗಿ ತೊಟ್ಟು ಬರುತ್ತೆ. ಹೈಸ್ಕೂಲಿನಲ್ಲಿ ಓದಿದ ಮೆಂಡೆಲ್ ನೆನಪಾಗ್ತಾನೆ: ಕಂದು ಪ್ರಬಲ, ನೀಲಿ ದುರ್ಬಲ. ತಮಾಷೆ ಅಂದರೆ, ಆ ಪಾಠವನ್ನೇ ಸರಿಯಾಗಿ ಓದಿದ್ದರೂ ಸಂಶಯಕ್ಕೆ ಜಾಗ ಇಲ್ಲ. ಕಂದುಗಣ್ಣಿನ ಅಪ್ಪ-ಅಮ್ಮ ಇಬ್ಬರೂ ತಿಳಿಬಣ್ಣದ ಒಂದೊಂದು ಜೀನನ್ನು ಒಳಗೇ ಹೊತ್ತುಕೊಂಡಿರಬಹುದು. ಎಷ್ಟೋ ತಲೆಮಾರು ಸುಮ್ಮನಿದ್ದದ್ದು ಒಂದು ದಿನ ಮೊಮ್ಮಗುವಿನ ಕಣ್ಣಲ್ಲಿ ಎದ್ದು ಕೂರಬಹುದು.

ಇನ್ನು ಆ ಪಾಠವೂ ಪೂರ್ತಿ ನಿಜ ಅಲ್ಲ. ಕಣ್ಣಿನ ಬಣ್ಣದ ಈ ಸರಳ ಸೂತ್ರವನ್ನು 1907ರಲ್ಲಿ ಮುಂದಿಟ್ಟವರು ಅಮೆರಿಕದ ಡೇವನ್‌ಪೋರ್ಟ್ ದಂಪತಿ. ಆ ಚಾರ್ಲ್ಸ್ ಡೇವನ್‌ಪೋರ್ಟೇ ಮುಂದೆ "ಒಳ್ಳೆಯ ತಳಿ, ಕೆಟ್ಟ ತಳಿ" ಅಂತ ಮನುಷ್ಯರನ್ನ ವಿಂಗಡಿಸೋ ಯೂಜೆನಿಕ್ಸ್ ಚಳವಳಿಯ ಮುಂದಾಳು ಆದದ್ದು ನನಗೆ ಕಾಕತಾಳೀಯ ಅನಿಸಲ್ಲ. ಈಗ ಗೊತ್ತಿರೋದು ಬೇರೆ. 15ನೇ ಕ್ರೋಮೊಸೋಮಿನ ಮೇಲೆ ಅಕ್ಕಪಕ್ಕ ಇರುವ ಓಸಿಎ2, ಹರ್ಕ್2 ಎಂಬ ಜೀನ್‌ಗಳದ್ದು ದೊಡ್ಡ ಪಾಲು, ಆದರೆ ಅಷ್ಟೇ ಅಲ್ಲ. ಸುಮಾರು 1.95 ಲಕ್ಷ ಜನರ ಮಾಹಿತಿ ಇಟ್ಟುಕೊಂಡು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮ ಜೀನೋಮಿನ 61 ಕಡೆ ಕಣ್ಣಿನ ಬಣ್ಣದ ಸುಳಿವು ಕಂಡಿತು. ಅಪರೂಪಕ್ಕೆ, ನೀಲಿಗಣ್ಣಿನ ಇಬ್ಬರಿಗೂ ಕಂದುಗಣ್ಣಿನ ಮಗು ಹುಟ್ಟುತ್ತೆ. ಸಾಲದ್ದಕ್ಕೆ, ನೀಲಿಗಣ್ಣಿನಲ್ಲಿ ನೀಲಿ ಅನ್ನೋ ಬಣ್ಣದ ವಸ್ತುವೇ ಇಲ್ಲ. ಮೆಲನಿನ್ ಕಡಿಮೆ ಇದ್ದಾಗ ಬೆಳಕು ಚದುರಿ ಹಾಗೆ ಕಾಣುತ್ತೆ, ಅಷ್ಟೇ. ಅಂಥ ಬೆಳಕಿನಾಟದ ಮೇಲೆ ಒಬ್ಬ ಹೆಂಗಸಿನ ಶೀಲದ ತೀರ್ಪು!

ಹಾಗಾದ್ರೆ ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಆಯ್ತಲ್ಲ ಅಂತೀರಿ. ಬಣ್ಣ ಹೇಳದ್ದನ್ನ ಅದು ಹೇಳುತ್ತೆ, ಒಪ್ಪೋಣ. ಆದರೆ ನನಗೆ ಕಷ್ಟದ ಪ್ರಶ್ನೆ ಶುರುವಾಗೋದೇ ಅಲ್ಲಿಂದ. ಗೊತ್ತು ಮಾಡ್ಕೊಳ್ಳೋಕೆ ಆಗುತ್ತೆ ಅನ್ನೋ ಒಂದೇ ಕಾರಣಕ್ಕೆ ಗೊತ್ತು ಮಾಡ್ಕೊಳ್ಳೋ ಹಕ್ಕು ಬರುತ್ತಾ?

ನಮ್ಮ ಕಾನೂನು ಇಲ್ಲಿ ತಡೆದು ನಿಲ್ಲುತ್ತೆ. 1872ರ ಸಾಕ್ಷ್ಯ ಕಾಯ್ದೆಯ 112ನೇ ಕಲಂ, ಈಗಿನ ಸಾಕ್ಷ್ಯ ಅಧಿನಿಯಮದ 116ನೇ ಕಲಂ, ಮದುವೆ ಊರ್ಜಿತ ಇದ್ದಾಗ ಹುಟ್ಟಿದ ಮಗು ಗಂಡನದೇ ಅನ್ನುತ್ತೆ. ಆ ಕಾಲದಲ್ಲಿ ಗಂಡ-ಹೆಂಡತಿ ಕೂಡೋ ಅವಕಾಶವೇ ಇರಲಿಲ್ಲ ಅಂತ ತೋರಿಸಿದರೆ ಮಾತ್ರ ಬೇರೆ ಮಾತು. 1993ರಲ್ಲಿ ಗೌತಮ್ ಕುಂಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೇಳಿದವರಿಗೆಲ್ಲ ರಕ್ತಪರೀಕ್ಷೆಗೆ ಆದೇಶ ಕೊಡೋಕಾಗಲ್ಲ ಅಂತು. 2023ರ ಅಪರ್ಣಾ ಫಿರೋದಿಯಾ ತೀರ್ಪು ಇನ್ನೂ ಮುಂದೆ ಹೋಗಿ, ದಂಪತಿಯ ಜಗಳದಲ್ಲಿ ಮಗುವಿನ ಖಾಸಗಿತನವೂ ಲೆಕ್ಕಕ್ಕೆ ಬರಬೇಕು ಅಂತ ಹೇಳಿತು. ಆದರೆ 2014ರ ನಂದಲಾಲ್ ಬಡವಾಯಿಕ್ ಪ್ರಕರಣದಲ್ಲಿ ಅದೇ ಕೋರ್ಟು, ವರದಿ ಕೈಗೆ ಬಂದಾಗಿದೆ, ಇನ್ನು ಕಾನೂನಿನ ಊಹೆಗಿಂತ ಸತ್ಯ ದೊಡ್ಡದು ಅಂದಿತ್ತು. ತನ್ನದಲ್ಲದ ಮಗುವಿಗೆ ಜೀವನಾಂಶ ಕಟ್ಟು ಅಂತ ಒಬ್ಬನ ಮೇಲೆ ಹೊರೆ ಹಾಕೋದು ನ್ಯಾಯ ಅಲ್ಲ ಅನ್ನೋದನ್ನ ನಾನೂ ತಳ್ಳಿಹಾಕಲ್ಲ. ಮೋಸ ಹೋದವನ ನೋವು ನೋವೇ.

ನನಗೆ ಹೆದರಿಕೆ ಆಗೋದು ಮೋಸ ಹೋದವನನ್ನ ನೋಡಿ ಅಲ್ಲ. ಯಾವ ಕಾರಣವೂ ಇಲ್ಲದೆ, ಬರೀ ಕಣ್ಣಿನ ಬಣ್ಣ ನೋಡಿ, ಮಲಗಿದ ಮಗುವಿನ ಬಾಯಿಂದ ಹತ್ತಿಯಲ್ಲಿ ಜೊಲ್ಲು ತೆಗೆದು ಕೊರಿಯರ್ ಮಾಡೋ ಅಪ್ಪನನ್ನ ನೋಡಿ. "ನಿನ್ನದೇ" ಅಂತ ವರದಿ ಬಂದರೂ ಅವನು ಹೆಂಡತಿಗೆ ಏನು ಹೇಳ್ತಾನೆ? ಮಗುವಿಗೆ? ಎರಡು ವರ್ಷ ಎದೆ ಮೇಲೆ ಮಲಗಿಸಿಕೊಂಡದ್ದು ಆ ಕಾಗದ ಬರೋ ತನಕ ತಾತ್ಕಾಲಿಕ ಆಗಿತ್ತಾ?

ಅಡರಕಟ್ಟಿಗೆ ಹತ್ತಿರದ ಲಕ್ಷ್ಮೇಶ್ವರವೇ ಹಳೇ ಪುಲಿಗೆರೆ. ಅಲ್ಲಿನ ಕನ್ನಡದಲ್ಲೇ ಬರೆದೆ ಅಂತ ಹೇಳಿಕೊಂಡ ಪಂಪ, ಭಾರತದಲ್ಲಿ ಯಾರನ್ನಾದರೂ ನೆನೆಯೋದಾದರೆ ಕರ್ಣನನ್ನ ನೆನೆಯಿರಿ ಅಂದವನು. ಕರ್ಣನಿಗೆ ಕಣ್ಣಿನ ಬಣ್ಣ ಯಾಕೆ, ಅಪ್ಪನ ಗುರುತು ಕವಚ-ಕುಂಡಲವಾಗಿ ಮೈಮೇಲೇ ಇತ್ತು. ರಂಗದಲ್ಲಿ ಕುಲ ಯಾವುದು ಅಂತ ಕೇಳಿದಾಗ ಆ ಗುರುತು ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ನಿಜ ತಿಳಿದ ಮೇಲೂ, ವ್ಯಾಸನ ಕರ್ಣ ಕೃಷ್ಣನ ಎದುರು ಎಣಿಸೋದು ಬೇರೆಯದನ್ನೇ: ರಾಧೆ ಹಾಲು ಕುಡಿಸಿದ್ದು, ಅಧಿರಥ ಹೆಸರಿಟ್ಟದ್ದು.

ಆದರೂ ಮಗು ತಾನೇ ದೊಡ್ಡವನಾಗಿ "ನನ್ನ ಅಪ್ಪ ಯಾರು?" ಅಂತ ಕೇಳಿದರೆ ನಾನು ಬಾಯಿ ಮುಚ್ಚಿಸಲ್ಲ. ರೋಹಿತ್ ಶೇಖರ್ ವರ್ಷಗಟ್ಟಲೆ ಕೋರ್ಟು ಅಲೆದು, 2012ರಲ್ಲಿ ಡಿಎನ್‌ಎ ವರದಿಯಿಂದ ಎನ್.ಡಿ. ತಿವಾರಿ ತನ್ನ ತಂದೆ ಅಂತ ಸಾಬೀತು ಮಾಡಿದ. ಅಲ್ಲಿ ಕೇಳಿದವನು ಮಗ. ಉತ್ತರದ ಭಾರ ಹೊರೋಕೆ ತಯಾರಾಗಿ ಬಂದವನು. ತೊಟ್ಟಿಲಲ್ಲಿರೋ ಕೂಸು ಇನ್ನೂ ಏನನ್ನೂ ಕೇಳಿಲ್ಲ. ಅದರ ಕಣ್ಣಿನ ಬಣ್ಣ ಕೂಡ ಇನ್ನೂ ಕೂತಿಲ್ಲ, ವರ್ಷ ತುಂಬೋದ್ರೊಳಗೆ ಕಪ್ಪಾಗಬಹುದು.