ಬೆಟ್ಟದ ದಾರಿಯಲ್ಲಿ ಒಂದು ಪ್ರಶ್ನೆ

ಬೇಸಗೆಯ ರಜೆಯಲ್ಲಿ ಮಕ್ಕಳೊಡನೆ ಬೆಟ್ಟವೇರುವುದನ್ನು ನಾವು ವಿಹಾರವೆಂದೆಣಿಸುವೆವು. ಮಕ್ಕಳಿಗೆ ಅದು ವಿಹಾರವೇ ಸರಿ. ಹಿರಿಯರಿಗೆ ಒಮ್ಮೊಮ್ಮೆ ಪರೀಕ್ಷೆಯಾಗುವುದುಂಟು.

ಮುಳಬಾಗಿಲು ಸೀಮೆಯ ಆವನಿಯಲ್ಲಿ, 10ನೆಯ ಶತಮಾನದ ನೊಳಂಬರ ಕಾಲದ ರಾಮಲಿಂಗೇಶ್ವರನ ಗುಡಿಗಳನ್ನು ನೋಡಿಕೊಂಡು, ಮೊಮ್ಮಗಳೊಡನೆ ಬಂಡೆಯ ದಾರಿ ಹಿಡಿದೆನು. ಮೇಲೆ ಸೀತಾದೇವಿಯ ಗುಡಿ. ವಾಲ್ಮೀಕಿಯ ಆಶ್ರಮವಿದ್ದುದೂ ಲವಕುಶರು ಹುಟ್ಟಿದುದೂ ಇಲ್ಲಿಯೇ ಎಂಬುದು ಸ್ಥಳಪುರಾಣ. ಮಗುವಿನ ಕೈಯನ್ನು ನಾನು ಬಿಟ್ಟಿರಲಿಲ್ಲ. ಅವಳು ಕೇಳಿದಳು: “ತಾತ, ಲವಕುಶರು ಬೀಳದಂತೆ ಕೈ ಹಿಡಿದುಕೊಂಡವರು ಯಾರು?”

“ಅವರ ತಾಯಿ” ಎಂದೆನು.

“ಅವರ ಅಪ್ಪ?”

ರಾಜಧರ್ಮವೆಂಬ ಉತ್ತರವು ನಾಲಗೆಯ ತುದಿಯಲ್ಲಿಯೇ ಇದ್ದಿತು. ಪ್ರಜೆಗಳ ಅಪವಾದ, ಅರಸನ ಕರ್ತವ್ಯ, ಸ್ವಸುಖತ್ಯಾಗ ಎಂದು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೆನು. ಗೋಡೆಗಳ ನಡುವೆ ಅದು ಸಮಂಜಸವಾಗಿಯೇ ಕೇಳಿಸುತ್ತಿದ್ದಿತು. ಇಲ್ಲಿ ಕಾಲಡಿಯ ಬಂಡೆ ಆಗಲೇ ಕಾಯತೊಡಗಿದ್ದಿತು. ಬಸುರಿಯೊಬ್ಬಳನ್ನು ಇಂತಹ ಕಡೆ ಬಿಟ್ಟುಹೋದುದನ್ನು ನೆನೆದೆನು. ಅರಸನು ತನ್ನ ಸುಖವನ್ನು ತ್ಯಜಿಸಬಹುದು. ಇನ್ನೊಬ್ಬರ ಸುಖವನ್ನು ತ್ಯಜಿಸಲು ಅವನಿಗೆ ಅಧಿಕಾರವುಂಟೇ? 8ನೆಯ ಶತಮಾನದ ಭವಭೂತಿಗೂ ಇದು ಸಹಿಸದೆ ಹೋಯಿತೇನೋ. ಭೂಮಿಯೊಳಗೆ ಸೇರಿಹೋಗುವ ಸೀತೆಯನ್ನು ಆತನು ‘ಉತ್ತರರಾಮಚರಿತ’ದಲ್ಲಿ ಪತಿಯೊಡನೆ ಕೂಡಿಸಿಬಿಟ್ಟನು.

ಇಂತಹ ಸಂದೇಹಗಳನ್ನು ಮಕ್ಕಳ ಮುಂದೆ ಆಡಬಾರದೆನ್ನುವವರುಂಟು. ತನಗೇ ಒಪ್ಪಿಗೆಯಾಗದ ಉತ್ತರವನ್ನು ಕೊಡುವುದು ಅದಕ್ಕಿಂತ ಕೆಟ್ಟುದೆಂದು ನನಗೆ ತೋರಿತು.

“ಅವರ ಅಪ್ಪ ಜೊತೆಯಲ್ಲಿರಲಿಲ್ಲ. ಅದು ಸರಿಯೋ ತಪ್ಪೋ, ನನಗೂ ತಿಳಿಯದಮ್ಮಾ” ಎಂದೆನು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಕುಡಿಯಲು ನೀರು ಕೇಳಿದಳು.